ಸಂತೆಗೆ ಬಂದ ಚಿತ್ರ

ಸಂತೆಯೆಂಬುದು ಕನ್ನಡ ನಾಡಿಗೆ ಹೊಸದಲ್ಲ. ವಾರಕ್ಕೊಂದು ದಿನ ಗೊತ್ತಾದ ಬಯಲಿನಲ್ಲಿ ಸುತ್ತಣ ಹತ್ತೂರುಗಳ ಜನ ನೆರೆಯುತ್ತಾರೆ. ರೈತನು ತರಕಾರಿಯನ್ನೂ ಕುಂಬಾರನು ಮಡಕೆಯನ್ನೂ ಮೇದರವನು ಬುಟ್ಟಿಯನ್ನೂ ತಂದು ನೆಲದ ಮೇಲೆ ಹರಡುತ್ತಾರೆ. ಮಾಡಿದವನೇ ಅಲ್ಲಿ ಮಾರುತ್ತಾನೆ. ಕೊಳ್ಳುವವನು ಮಾಡಿದವನ ಮುಖವನ್ನು ನೋಡಿಯೇ ಕೊಳ್ಳುತ್ತಾನೆ. ಆದರೆ ಚಿತ್ರ ಬರೆದವರು ತಮ್ಮ ಚಿತ್ರವನ್ನು ತಾವೇ ಹೊತ್ತು ಸಂತೆಗೆ ಬಂದುದು ಈಚಿನ ಸಂಗತಿ.

ಹಿಂದಿನ ಕಾಲದ ಚಿತ್ರಕಾರನಿಗೆ ಅರಮನೆಯ ಆಶ್ರಯವಿತ್ತು, ಇಲ್ಲವೇ ದೇವಾಲಯದ ಆಶ್ರಯವಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರು ಸಂಪ್ರದಾಯದ ಚಿತ್ರಕಲೆ ಏಳಿಗೆ ಹೊಂದಿದುದು ಅಂಥ ಆಶ್ರಯದಿಂದಲೇ. ಆಶ್ರಯ ಪಡೆದವನಿಗೆ ಅನ್ನದ ಚಿಂತೆ ಅಷ್ಟಾಗಿ ಇರಲಿಲ್ಲ. ಆದರೆ ಏನನ್ನು ಬರೆಯಬೇಕೆಂಬುದನ್ನು ಬಹುಮಟ್ಟಿಗೆ ಬರೆಯಿಸುವವರೇ ನಿರ್ಧರಿಸುತ್ತಿದ್ದರು. ರಾಜಾ ರವಿವರ್ಮನು 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯವನ್ನು ತೆರೆದ ಮೇಲೆ ಬಡವರ ಮನೆಯ ಗೋಡೆಯ ಮೇಲೂ ದೇವರ ಪಟಗಳು ಕಾಣಿಸಿಕೊಂಡವು. ಅವು ಅಚ್ಚಿನ ಪ್ರತಿಗಳೇ ಹೊರತು ಮೂಲ ಚಿತ್ರಗಳಲ್ಲ. ಅರಸರ ಕಾಲ ಮುಗಿದ ಅನಂತರ ಕಲಾವಿದನಿಗೂ ಕೊಳ್ಳುವವನಿಗೂ ನಡುವೆ ಗ್ಯಾಲರಿಯೆಂಬ ಕಲಾಮಂದಿರ ಬಂದು ನಿಂತಿತು. ಮಾರಾಟವಾದ ಹಣದಲ್ಲಿ ಮೂರರಲ್ಲೊಂದು ಪಾಲು, ಕೆಲವೆಡೆ ಅರ್ಧ ಪಾಲು, ಅಂಥ ಮಂದಿರಕ್ಕೆ ಸಲ್ಲುವುದುಂಟು. ಹೆಸರಾದವರ ಚಿತ್ರಗಳಿಗೆ ಅಲ್ಲಿ ಗೋಡೆ ಸುಲಭವಾಗಿ ಸಿಗುತ್ತದೆ. ಹೆಸರಿಲ್ಲದವರಿಗೆ ಬಾಗಿಲೂ ಕಷ್ಟ.

ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು ಇದೆ. 1960ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯನ್ನು ಕಟ್ಟಿ ಬೆಳೆಸಿದವರಲ್ಲಿ ಕಲಾವಿದ ಎಂ. ಎಸ್. ನಂಜುಂಡರಾಯರು ಪ್ರಮುಖರು. ಪರಿಷತ್ತು 2003ರಲ್ಲಿ ತನ್ನ ಮುಂದಿನ ರಸ್ತೆಯಲ್ಲಿಯೇ ಚಿತ್ರಸಂತೆಯನ್ನು ಆರಂಭಿಸಿತು. ಸಾಮಾನ್ಯವಾಗಿ ಜನವರಿಯ ಒಂದು ಭಾನುವಾರ ಆ ರಸ್ತೆಯಲ್ಲಿ ವಾಹನ ಸಂಚಾರವನ್ನು ನಿಲ್ಲಿಸಲಾಗುತ್ತದೆ. ಇಕ್ಕೆಲಗಳಲ್ಲಿ ಚಿತ್ರಗಳು ನಿಲ್ಲುತ್ತವೆ. ನಡುವೆ ಜನ ಹರಿಯುತ್ತಾರೆ. ಈಚಿನ ವರ್ಷಗಳಲ್ಲಿ ಸುಮಾರು 1500 ಕಲಾವಿದರು ದೇಶದ ನಾನಾ ರಾಜ್ಯಗಳಿಂದ ಬಂದು ಇಲ್ಲಿ ಭಾಗವಹಿಸಿದ್ದಾರೆ. ನೂರು ರೂಪಾಯಿಯ ಚಿಕ್ಕ ಹಾಳೆಯಿಂದ ಲಕ್ಷಗಟ್ಟಲೆ ಬೆಲೆಯ ದೊಡ್ಡ ಕ್ಯಾನ್ವಾಸಿನವರೆಗೆ ಎಲ್ಲವೂ ಒಂದೇ ಬೀದಿಯಲ್ಲಿ ದೊರೆಯುತ್ತವೆ. ಪ್ರತಿಯೊಂದು ಮನೆಯಲ್ಲಿಯೂ ಒಂದು ಕಲಾಕೃತಿ ಇರಬೇಕೆಂಬುದು ಈ ಸಂತೆಯ ಆಶಯ.

ಇಲ್ಲಿಗೆ ಬರುವ ಕಲಾವಿದರಲ್ಲಿ ನಗರದ ಹೊರವಲಯದವರೂ ಇರುತ್ತಾರೆ. ಕುಮಾರಕೃಪಾ ರಸ್ತೆಯಿಂದ ಪೂರ್ವಕ್ಕೆ, ದಾರಿಯ ಲೆಕ್ಕದಲ್ಲಿ ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿರುವ ವೈಟ್‌ಫೀಲ್ಡ್‌ನ್ನು ನೋಡಬಹುದು. 1882ರಲ್ಲಿ ಮೈಸೂರಿನ ಮಹಾರಾಜ ಚಾಮರಾಜ ಒಡೆಯರು ಆಂಗ್ಲೋ-ಇಂಡಿಯನ್ನರ ಸಂಘಕ್ಕೆ 3900 ಎಕರೆ ಭೂಮಿಯನ್ನು ಕೊಟ್ಟರು. ಸಂಘದ ನಾಯಕ ಡಿ. ಎಸ್. ವೈಟ್ ಎಂಬವರ ಹೆಸರಿನಿಂದ ಆ ಬೇಸಾಯದ ನೆಲೆ ವೈಟ್‌ಫೀಲ್ಡ್ ಎನಿಸಿತು. ವೃತ್ತಾಕಾರದ ಬೀದಿ, ಹೆಂಚಿನ ಮನೆ, ತೋಟ, ಇಗರ್ಜಿ, ಇಷ್ಟೇ ಅಂದಿನ ಊರು. 1990ರ ದಶಕದಿಂದೀಚೆಗೆ ಅದರ ಸುತ್ತ ಮಾಹಿತಿ ತಂತ್ರಜ್ಞಾನದ ಕಚೇರಿಗಳೂ ಮುಗಿಲು ಮುಟ್ಟುವ ವಸತಿ ಸಮುಚ್ಚಯಗಳೂ ಎದ್ದುನಿಂತವು. ದೀಪಾವಳಿಯ ಹೊತ್ತಿಗೆ ಈ ಸಮುಚ್ಚಯಗಳ ಅಂಗಳಗಳಲ್ಲಿ ಸಣ್ಣ ಸಂತೆಗಳು ನಡೆಯುವುದುಂಟು.

ಅಲ್ಲಿ ಬಾಡಿಗೆಯ ಕೋಣೆಯೊಂದರಲ್ಲಿ ಚಿತ್ರ ಬರೆದು ಬಾಳುವ ಕಲಾವಿದೆಯೊಬ್ಬಳನ್ನು ಕಲ್ಪಿಸಿಕೊಳ್ಳಬಹುದು. ತಿಂಗಳ ಕೊನೆಗೆ ಆಕೆಗೆ ಸಂಬಳ ಬರುವುದಿಲ್ಲ. ದೀಪಾವಳಿಯ ಅಂಗಳದ ಮಾರಾಟ, ಜನವರಿಯ ಚಿತ್ರಸಂತೆ, ನಡುವೆ ಮಕ್ಕಳಿಗೆ ಹೇಳಿಕೊಡುವ ಚಿತ್ರಪಾಠ, ಇವೇ ಆಕೆಯ ವರ್ಷದ ಫಸಲು. ಮಳೆ ನಂಬಿದ ರೈತನಂತೆ ಆಕೆಯೂ ಆಕಾಶವನ್ನು ನೋಡುತ್ತಾಳೆ. ಆದರೆ ಆಕೆಗೆ ಮಳೆ ಬರಬಾರದು. ಹಿಂಗಾರಿನ ಒಂದು ಹನಿ ಸಾಕು, ಜಲವರ್ಣದ ಚಿತ್ರ ಕೆಡಲು. ಆದ್ದರಿಂದ ಟಾರ್ಪಾಲು, ಹಗ್ಗ, ಬಟ್ಟೆಯ ಕ್ಲಿಪ್ಪು ಇವು ಕುಂಚದಷ್ಟೇ ಅಗತ್ಯವಾದ ಸಲಕರಣೆಗಳು.

ವೈಟ್‌ಫೀಲ್ಡ್‌ಗೆ 2023ರಲ್ಲಿ ಮೆಟ್ರೋ ರೈಲು ಬಂದಿತು. ಆದರೂ ಗಾಜು ಕೂರಿಸಿದ ಚೌಕಟ್ಟುಗಳನ್ನು ರೈಲಿನ ನೂಕುನುಗ್ಗಲಿನಲ್ಲಿ ಒಯ್ಯಲಾಗದು. ಸಂತೆಯ ದಿನ ಬೆಳಕು ಹರಿಯುವ ಮೊದಲೇ ಆಕೆ ಸರಕಿನ ಆಟೋ ಒಂದನ್ನು ಗೊತ್ತುಮಾಡಿಕೊಂಡು ಹೊರಡಬೇಕು. ಹಳೆಯ ಸೀರೆಗಳಲ್ಲಿ ಸುತ್ತಿದ ಚಿತ್ರಗಳನ್ನು ಇಳಿಸಿ, ಬಿಸಿಲು ನೇರವಾಗಿ ಬೀಳದಂತೆ ಜೋಡಿಸುವಷ್ಟರಲ್ಲಿ ಮೊದಲ ಗಿರಾಕಿ ಎದುರಿಗೆ ನಿಂತಿರುತ್ತಾನೆ.

ಗಿರಾಕಿಯ ಮೊದಲ ಪ್ರಶ್ನೆ ಬೆಲೆಯದು. ಎರಡಡಿ ಅಗಲ, ಮೂರಡಿ ಉದ್ದದ ಒಂದು ಚಿತ್ರಕ್ಕೆ ಕ್ಯಾನ್ವಾಸು, ಬಣ್ಣ, ಚೌಕಟ್ಟು ಸೇರಿ 3000 ರೂಪಾಯಿ ತಗಲಿತೆಂದಿಟ್ಟುಕೊಳ್ಳಿ. ಬರೆಯಲು ಒಂಬತ್ತು ದಿನ ಹಿಡಿಯಿತು. ದಿನಕ್ಕೆ 800 ರೂಪಾಯಿ ಕೂಲಿಯೆಂದರೂ 7200 ರೂಪಾಯಿ. ಸಾಗಣೆ ಮುಂತಾದ ವೆಚ್ಚದಲ್ಲಿ ಅದರ ಪಾಲು 500. ಒಟ್ಟು 10,700 ಆಯಿತು. ಆಕೆ 12,000 ಹೇಳುತ್ತಾಳೆ. ಗಿರಾಕಿ ಮೂರು ಸಾವಿರಕ್ಕೆ ಕೇಳುತ್ತಾನೆ. ಅವನು ಕೆಟ್ಟವನೇನಲ್ಲ, ಸಂತೆಯಲ್ಲಿ ಚೌಕಾಸಿ ಮಾಡುವುದು ನಮ್ಮ ಜನದ ಹಳೆಯ ರೂಢಿ. ಆದರೆ ಅವನು ಕೊಡಲೊಪ್ಪಿದುದು ಬಟ್ಟೆ, ಬಣ್ಣ, ಕಟ್ಟಿಗೆಗಳ ಬೆಲೆಯನ್ನು ಮಾತ್ರ. ಒಂಬತ್ತು ದಿನಗಳು ಅವನ ಕಣ್ಣಿಗೆ ಬೀಳಲಿಲ್ಲ.

ಲೆಕ್ಕ ಇಲ್ಲಿಗೇ ಮುಗಿಯುವುದಿಲ್ಲ. ಅಂಥ ಹತ್ತು ಚಿತ್ರಗಳನ್ನು ತಂದು ನಾಲ್ಕನ್ನು ಹೇಳಿದ ಬೆಲೆಗೇ ಮಾರಿದಳೆನ್ನಿ. ಬಂದ ಹಣ 48,000. ಹತ್ತೂ ಚಿತ್ರಗಳ ಸಾಮಗ್ರಿಗೆ 30,000, ಸಾಗಣೆ ಮುಂತಾದುದಕ್ಕೆ 5000 ಕಳೆದರೆ ಉಳಿಯುವುದು 13,000. ಅದನ್ನು ತೊಂಬತ್ತು ದಿನಗಳ ದುಡಿಮೆಗೆ ಹಂಚಿದರೆ ದಿನಕ್ಕೆ ನೂರೈವತ್ತು ರೂಪಾಯಿಯೂ ಬೀಳುವುದಿಲ್ಲ. ಉಳಿದ ಆರು ಚಿತ್ರಗಳು ಮುಂದೆ ಮಾರಾಟವಾದಾವೆಂಬ ಭರವಸೆಯೇ ಆಕೆಯ ಬಂಡವಾಳ.

ಆದ್ದರಿಂದ ಅನೇಕ ಕಲಾವಿದರು ದೊಡ್ಡ ಚಿತ್ರಗಳ ಪಕ್ಕದಲ್ಲಿ ಅಂಗೈಯಗಲದ ಚಿತ್ರಗಳನ್ನೂ ಶುಭಾಶಯ ಪತ್ರಗಳನ್ನೂ ಇಡುತ್ತಾರೆ. ಕೆಲವರು ಎದುರಿಗೆ ಕುಳಿತವರ ಮುಖವನ್ನು ಹತ್ತು ನಿಮಿಷಗಳಲ್ಲಿ ಇದ್ದಿಲಿನಿಂದ ಬರೆದುಕೊಡುತ್ತಾರೆ. ಸಣ್ಣವು ಹೊಟ್ಟೆಯನ್ನು ನೋಡಿಕೊಂಡರೆ ದೊಡ್ಡವು ಕಾಯಬಲ್ಲವು. ಇದು ಜಾಣತನವೇ ಸರಿ. ಇದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ.

ನಿಜವಾದ ಇಕ್ಕಟ್ಟು ಬೇರೆಡೆ ಇದೆ. ಓಡುವ ಏಳು ಕುದುರೆಗಳು, ಕಣ್ಣು ಮುಚ್ಚಿದ ಬುದ್ಧ, ನಗುವ ಗಣಪತಿ, ಇವು ಬೇಗ ಮಾರಾಟವಾಗುತ್ತವೆ. ಮನೆಯ ಗೋಡೆಯ ಬಣ್ಣಕ್ಕೆ ಹೊಂದುವ ಚಿತ್ರವನ್ನೇ ಹುಡುಕುವವರೂ ಇದ್ದಾರೆ. ವೈಟ್‌ಫೀಲ್ಡ್‌ನ ಹೆಂಚಿನ ಮನೆಗಳು ಒಂದೊಂದಾಗಿ ಕಣ್ಮರೆಯಾಗುತ್ತಿರುವುದನ್ನು ಕಂಡು ಆಕೆ ಅವುಗಳಲ್ಲಿ ಒಂದನ್ನು ಬರೆದಿರುತ್ತಾಳೆ. ಸುಣ್ಣ ಉದುರಿದ ಗೋಡೆ, ಮರದ ಜಾಲರಿಯ ಮೊಗಸಾಲೆ, ಹಿಂದೆ ಕಟ್ಟುತ್ತಿರುವ ಕಟ್ಟಡದ ನೆರಳು. ಆ ಚಿತ್ರಕ್ಕೆ ಗಿರಾಕಿ ಅಪರೂಪ. ಮುಂದಿನ ವರ್ಷ ಹೆಂಚಿನ ಮನೆಯನ್ನು ಬರೆಯಬೇಕೇ, ಕುದುರೆಗಳನ್ನು ಬರೆಯಬೇಕೇ? ಅರಮನೆಯ ಅಪ್ಪಣೆ ಇಲ್ಲವಾದ ಕಾಲದಲ್ಲಿಯೂ ಬರೆಯಿಸುವವರು ಇಲ್ಲವಾಗಲಿಲ್ಲ. ಸಾವಿರಾರು ಮಂದಿಯಾಗಿ ಬೀದಿಯಲ್ಲಿ ನಡೆದು ಬಂದರು, ಅಷ್ಟೆ. ಒಂದು ವ್ಯತ್ಯಾಸವುಂಟು. ಇಲ್ಲಿ ಕಲಾವಿದೆ ಗಿರಾಕಿಯೊಡನೆ ಮಾತನಾಡಬಹುದು. ಕುದುರೆಯನ್ನು ಕೇಳಿ ಬಂದವನನ್ನು ಹೆಂಚಿನ ಮನೆಯ ಮುಂದೆ ಎರಡು ನಿಮಿಷ ನಿಲ್ಲಿಸಬಹುದು.

ಮಾತಿನ ಬೆಲೆ ಪಕ್ಕದ ಮಳಿಗೆಗಳಲ್ಲಿಯೂ ಕಾಣುತ್ತದೆ. ಮಲೆನಾಡಿನ ಸಾಗರದ ಕಡೆಯ ದೀವರ ಹೆಣ್ಣುಮಕ್ಕಳು ಮದುವೆಯ ಮನೆಯ ಗೋಡೆಗೆ ಬರೆಯುವ ಹಸೆ ಚಿತ್ತಾರ ಈಗ ಬಟ್ಟೆ, ಕಾಗದಗಳ ಮೇಲೂ ಬರುತ್ತಿದೆ. ಕೆಮ್ಮಣ್ಣಿನ ನೆಲೆ, ಅಕ್ಕಿಹಿಟ್ಟಿನ ಬಿಳುಪು, ಹುರಿದ ಅಕ್ಕಿಯ ಕಪ್ಪು, ಪುಂಡಿ ನಾರಿನ ಕುಂಚ. ಬರೆದವರು ಇಷ್ಟನ್ನು ವಿವರಿಸಿದರೆ ಗೆರೆಗಳ ಹಿಂದಿರುವ ಮನೆಯೂ ಮದುವೆಯೂ ಕಾಣತೊಡಗುತ್ತವೆ. ಕೊರೊನಾ ಸಾಂಕ್ರಾಮಿಕದಿಂದಾಗಿ 2021ರಲ್ಲಿ ಚಿತ್ರಸಂತೆ ಬೀದಿಯನ್ನು ಬಿಟ್ಟು ಅಂತರಜಾಲದಲ್ಲಿ ನಡೆದಾಗ ಚಿತ್ರಗಳು ದೂರದೂರದವರಿಗೆ ಕಂಡವು. ಈ ಎದುರುಬದುರಿನ ಮಾತು ಮಾತ್ರ ಇಲ್ಲವಾಯಿತು.

ಜನ ಸೇರಿದ ಕಡೆ ಮೊಬೈಲ್ ಫೋನುಗಳೂ ಸೇರುತ್ತವೆ. ಚಿತ್ರದ ಛಾಯಾಚಿತ್ರ ತೆಗೆದು ಅದನ್ನೇ ಬಟ್ಟಲಿನ ಮೇಲೋ ಅಂಗಿಯ ಮೇಲೋ ಅಚ್ಚುಹಾಕಿ ಮಾರುವವರಿದ್ದಾರೆ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಇದು ಅಪರಾಧ. ಕಲಾವಿದೆ ತಾನಾಗಿ ಬರೆದ ಚಿತ್ರವನ್ನು ಕೊಂಡವನು ಆ ಒಂದು ಚಿತ್ರಕ್ಕೆ ಒಡೆಯನಾಗುತ್ತಾನೆಯೇ ಹೊರತು ಅದರ ಪ್ರತಿ ತೆಗೆದು ಮಾರುವ ಹಕ್ಕಿಗಲ್ಲ. ಲಿಖಿತವಾಗಿ ಬಿಟ್ಟುಕೊಡದಿದ್ದರೆ ಆ ಹಕ್ಕು ಆಕೆಯ ಜೀವಿತಕಾಲದಲ್ಲಿಯೂ ಆನಂತರ 60 ವರ್ಷಗಳ ಕಾಲವೂ ಆಕೆಗೆ ಹಾಗೂ ಆಕೆಯ ವಾರಸುದಾರರಿಗೆ ಸೇರಿದುದು. ಇದನ್ನು ಅರಿಯದೆ ಮೋಸಹೋದವರು ಕಡಮೆಯಿಲ್ಲ.

ಸಂಜೆಯಾಗುತ್ತಲೇ ಜನ ತೆಳುವಾಗುತ್ತಾರೆ. ಕಡೆಯ ಗಳಿಗೆಯ ಚೌಕಾಸಿಗಾರರು ಇನ್ನೊಂದು ಸುತ್ತು ಬರುತ್ತಾರೆ; ಹೊತ್ತೊಯ್ಯುವ ಬಾಡಿಗೆ ಉಳಿಯಲೆಂದು ಕೆಲವರು ಸಿಕ್ಕಿದ ಬೆಲೆಗೆ ಕೊಟ್ಟುಬಿಡುತ್ತಾರೆ, ಕೆಲವರು ಕೊಡುವುದಿಲ್ಲ. ವೈಟ್‌ಫೀಲ್ಡ್‌ನ ಕಲಾವಿದೆ ಖರ್ಚಾದ ಚಿತ್ರಗಳನ್ನು ಪುಸ್ತಕದಲ್ಲಿ ಗುರುತುಹಾಕಿಕೊಂಡು, ಉಳಿದವನ್ನು ಮತ್ತೆ ಸೀರೆಯಲ್ಲಿ ಸುತ್ತುತ್ತಾಳೆ. ಹೆಂಚಿನ ಮನೆಯ ಚಿತ್ರವನ್ನು ಎರಡು ಪದರ ಬಟ್ಟೆಯಲ್ಲಿ ಸುತ್ತಿ ಆಟೋದಲ್ಲಿ ಎಲ್ಲಕ್ಕಿಂತ ಕಡೆಗೆ ಇಡುತ್ತಾಳೆ. ಅದರ ಮೇಲೆ ಬೇರೆ ಭಾರ ಬೀಳಬಾರದಲ್ಲ.