ಹಟ, ಕೊರಗು ಮತ್ತು ಶೂನ್ಯದೋಷ

ಭೌತವಿಜ್ಞಾನದ ಪ್ರಯೋಗಶಾಲೆಗೆ ಮೊದಲ ಬಾರಿ ಬರುವ ವಿದ್ಯಾರ್ಥಿಯ ಕೈಗೆ ಸಾಮಾನ್ಯವಾಗಿ ಸ್ಕ್ರೂಗೇಜನ್ನು ಕೊಡುವುದುಂಟು. ತಂತಿಯ ವ್ಯಾಸವನ್ನು ಅಳೆಯುವ ಮುನ್ನ ಅವನು ಮಾಡಬೇಕಾದ ಕೆಲಸವೊಂದಿದೆ. ನಡುವೆ ಏನನ್ನೂ ಇಡದೆ, ತಿರುಪನ್ನು ಮೆಲ್ಲಗೆ ಮುಚ್ಚಿ, ಉಪಕರಣವು ಸೊನ್ನೆಯನ್ನು ತೋರಿಸುವುದೇ ಎಂದು ನೋಡಬೇಕು. ಬಹಳ ಸಲ ಅದು ಸೊನ್ನೆಯನ್ನು ತೋರಿಸುವುದಿಲ್ಲ. ಅಲ್ಲಿ ಕಾಣುವ ಅಲ್ಪ ವ್ಯತ್ಯಾಸಕ್ಕೆ ಶೂನ್ಯದೋಷವೆಂದು ಹೆಸರು. ಎಷ್ಟು ಬಾರಿ ಅಳೆದು ಸರಾಸರಿ ತೆಗೆದರೂ ಹೋಗದಿರುವುದೇ ಈ ದೋಷದ ಲಕ್ಷಣ. ಕಣ್ಣಿನ ಅಥವಾ ಕೈಯ ತಪ್ಪುಗಳು ಒಮ್ಮೆ ಹೆಚ್ಚಾಗಿ, ಒಮ್ಮೆ ಕಡಿಮೆಯಾಗಿ, ಒಂದನ್ನೊಂದು ಬಹುಮಟ್ಟಿಗೆ ಅಳಿಸಿಹಾಕುತ್ತವೆ. ಶೂನ್ಯದೋಷವಾದರೋ ಪ್ರತಿಯೊಂದು ಅಳತೆಯನ್ನೂ ಒಂದೇ ದಿಕ್ಕಿಗೆ ಎಳೆಯುತ್ತದೆ. ಆದರೆ ಅದನ್ನು ಮೊದಲೇ ಕಂಡುಕೊಂಡವನಿಗೆ ತೊಂದರೆಯಿಲ್ಲ; ಲೆಕ್ಕದಲ್ಲಿ ಸರಿಪಡಿಸಿಕೊಂಡರಾಯಿತು.

ಮನುಷ್ಯನ ಸ್ವಭಾವದಲ್ಲಿಯೂ ಇಂತಹ ಎರಡು ದೋಷಗಳನ್ನು ಕಾಣುತ್ತೇವೆ. ಒಂದು ಹಟ, ಇನ್ನೊಂದು, ನಡೆದದ್ದಕ್ಕೆಲ್ಲ ತಾನು ಬಲಿಯಾದವನೆಂಬ ಕೊರಗು. ಮೇಲ್ನೋಟಕ್ಕೆ ಇವೆರಡಕ್ಕೂ ಸಂಬಂಧವಿಲ್ಲ. ಹಟಮಾರಿಯು ಎದೆ ಸೆಟೆಸಿ ನಿಂತಿರುತ್ತಾನೆ. ಕೊರಗುವವನು ತಲೆ ತಗ್ಗಿಸಿ ಕುಳಿತಿರುತ್ತಾನೆ. ಆದರೂ ಇಬ್ಬರೂ ಮಾಡುತ್ತಿರುವ ಕೆಲಸ ಒಂದೇ. ಉತ್ತರವನ್ನು ಮೊದಲೇ ಬರೆದಿಟ್ಟುಕೊಂಡು, ಅದಕ್ಕೆ ಒಗ್ಗದ ಹೊಸ ಅಳತೆಯನ್ನು ಅವರು ಒಳಕ್ಕೆ ಬಿಡುವುದಿಲ್ಲ.

ಇದನ್ನು ಬರಿಯ ಪುಸ್ತಕಜ್ಞಾನದಿಂದ ಹೇಳುತ್ತಿಲ್ಲ. ಬಿ.ಎಸ್‌ಸಿ. ಅಂತಿಮ ವರ್ಷದ ಪ್ರಾಯೋಗಿಕ ಪರೀಕ್ಷೆಯಲ್ಲಿ ಉಕ್ಕಿನ ತಂತಿಯ ಯಂಗ್ ಗುಣಾಂಕವನ್ನು ಕಂಡುಹಿಡಿಯುವ ಪ್ರಯೋಗವು ನನ್ನ ಪಾಲಿಗೆ ಬಂದಿತ್ತು. ಉಕ್ಕಿಗೆ ಇದು ಚದರ ಮೀಟರಿಗೆ ಸುಮಾರು 20,000 ಕೋಟಿ ನ್ಯೂಟನ್ ಇರಬೇಕು. ನನಗೆ ಬಂದದ್ದು 13,600 ಕೋಟಿ. ಇಂಥವರೆಲ್ಲ ವಿಜ್ಞಾನಕ್ಕೆ ಏಕೆ ಬರುತ್ತಾರೋ ಎಂದು ಪರೀಕ್ಷಕರು ಹತ್ತು ಮಂದಿಯ ಎದುರಿಗೆ ಅಂದುಬಿಟ್ಟರು. ಅಂಕಗಳು ಹೋದುವು, ಅಂದಿನಿಂದ ಆರು ವರ್ಷಕಾಲ ಈ ಕಥೆಯನ್ನು ಕೇಳಿದವರಿಗೂ ಕೇಳದವರಿಗೂ ಹೇಳಿದೆ. ತಂತಿ ಹಳೆಯದು, ಕೊಕ್ಕೆ ತುಕ್ಕು ಹಿಡಿದಿತ್ತು, ಪರೀಕ್ಷಕರಿಗೆ ನನ್ನ ಮೇಲೆ ಏನೋ ದ್ವೇಷ. ಮರಳಿ ಪರೀಕ್ಷೆಗೆ ಕುಳಿತು ಅಂಕಗಳನ್ನು ಹೆಚ್ಚಿಸಿಕೊಳ್ಳುವ ಅವಕಾಶವಿದ್ದಿತು. ತಪ್ಪು ನನ್ನದಲ್ಲವೆಂದ ಮೇಲೆ ನಾನೇಕೆ ಕುಳಿತುಕೊಳ್ಳಲಿ ಎಂದು ಹಟ ಹಿಡಿದೆ. ಮನೆಯವರು ಹೇಳಿದಷ್ಟೂ ಹಟ ಬಲಿಯಿತು.

ಅಧ್ಯಾಪಕನಾದ ಮೇಲೆ, ಒಮ್ಮೆ ಶೂನ್ಯದೋಷದ ಪಾಠಕ್ಕೆ ಉದಾಹರಣೆಯೊಂದು ಬೇಕಾಯಿತು. ಪರೀಕ್ಷೆಯ ದಿನವೇ ಗೆಳೆಯರೊಡನೆ ತಾಳೆ ನೋಡಲೆಂದು ನನ್ನ ಅಳತೆಗಳನ್ನು ಬರೆದಿಟ್ಟುಕೊಂಡಿದ್ದ ಹಾಳೆಯು ಹಳೆಯ ಪೆಟ್ಟಿಗೆಯಲ್ಲಿ ಸಿಕ್ಕಿತು. ಗೇಜು ತೋರಿಸಿದ ವ್ಯಾಸ 0.42 ಮಿಲಿಮೀಟರು, ಶೂನ್ಯದೋಷ +0.04. ಕಳೆಯಬೇಕಾದ ಕಡೆ ನಾನು ಕೂಡಿದ್ದೆ! 0.38 ಆಗಬೇಕಾದುದು 0.46 ಆಗಿತ್ತು. ಸೂತ್ರದಲ್ಲಿ ವ್ಯಾಸದ ವರ್ಗವು ಛೇದದಲ್ಲಿ ಬರುವುದರಿಂದ ಉತ್ತರವು ಹೆಚ್ಚುಕಡಿಮೆ ಮೂರನೆಯ ಒಂದು ಭಾಗದಷ್ಟು ಇಳಿದುಹೋಗಿತ್ತು. ತಂತಿಯೂ ಕೊಕ್ಕೆಯೂ ನಿರ್ದೋಷಿಗಳು. ಪರೀಕ್ಷಕರ ಮಾತು ಒರಟೇ. ಅದು ಸರಿಯೆಂದು ನಾನು ಇಂದಿಗೂ ಒಪ್ಪುವುದಿಲ್ಲ. ಆದರೆ ಒರಟು ಮಾತಿನ ಲೆಕ್ಕವೇ ಬೇರೆ, 0.46ರ ಲೆಕ್ಕವೇ ಬೇರೆ. ಮೊದಲನೆಯದನ್ನು ಎಲ್ಲರಿಗೂ ತೋರಿಸುತ್ತ ಎರಡನೆಯದನ್ನು ನಾನು ನನ್ನಿಂದಲೇ ಮುಚ್ಚಿಟ್ಟುಕೊಂಡಿದ್ದೆ.

ಇಲ್ಲಿ ತಪ್ಪಿನ ದೊಡ್ಡ ಪಾಲು ನನ್ನದೇ ಆಗಿತ್ತು. ಆದರೆ ತಪ್ಪು ನಿಜವಾಗಿಯೂ ಎದುರಿನವರದೇ ಆಗಿದ್ದ ಪಕ್ಷದಲ್ಲಿ ಏನು ಮಾಡತಕ್ಕದ್ದು? ಇದಕ್ಕೆ ಖಗೋಳವಿಜ್ಞಾನದ ಇತಿಹಾಸದಲ್ಲಿ ಒಂದು ಪ್ರಸಿದ್ಧ ನಿದರ್ಶನವಿದೆ.

1930ರಲ್ಲಿ ಸುಬ್ರಹ್ಮಣ್ಯನ್ ಚಂದ್ರಶೇಖರ್ ಎಂಬ 19 ವರ್ಷದ ತರುಣರು ಉನ್ನತ ವ್ಯಾಸಂಗಕ್ಕಾಗಿ ಇಂಗ್ಲೆಂಡಿಗೆ ಹಡಗಿನಲ್ಲಿ ಹೊರಟರು. ಮುಂದೆ ಬೆಂಗಳೂರಿನಲ್ಲಿ ನೆಲಸಿದ ಸರ್ ಸಿ. ವಿ. ರಾಮನ್ನರ ಅಣ್ಣನ ಮಗ ಇವರು. ಹಡಗಿನಲ್ಲಿಯೇ ಅವರು ಮಾಡಿದ ಗಣಿತದಿಂದ ವಿಚಿತ್ರವಾದ ಸಂಗತಿಯೊಂದು ಹೊರಬಿತ್ತು. ಇಂಧನ ಮುಗಿದ ನಕ್ಷತ್ರವು ಕುಗ್ಗಿ ಶ್ವೇತಕುಬ್ಜವಾಗಿ ಶಾಂತವಾಗಬೇಕಾದರೆ ಅದರ ದ್ರವ್ಯರಾಶಿಯು ಒಂದು ಮಿತಿಯನ್ನು ಮೀರಿರಬಾರದು. ಈ ಮಿತಿಯು ಸೂರ್ಯನ ಸುಮಾರು 1.4ರಷ್ಟೆಂದು ಇಂದು ಬಲ್ಲೆವು. 1935ರ ಜನವರಿ 11ರಂದು ಲಂಡನ್ನಿನ ರಾಯಲ್ ಅಸ್ಟ್ರನಾಮಿಕಲ್ ಸೊಸೈಟಿಯ ಸಭೆಯಲ್ಲಿ ಅವರು ತಮ್ಮ ಕೆಲಸವನ್ನು ಮಂಡಿಸಿದರು. ಅವರ ಬೆನ್ನಿಗೇ ಎದ್ದು ನಿಂತವರು ಸರ್ ಆರ್ಥರ್ ಎಡಿಂಗ್ಟನ್. ಅದುವರೆಗೆ ಚಂದ್ರಶೇಖರರ ಕೊಠಡಿಗೆ ಮೇಲಿಂದ ಮೇಲೆ ಬಂದು ಕೆಲಸದ ಪ್ರಗತಿಯನ್ನು ವಿಚಾರಿಸುತ್ತಿದ್ದ, ಲೆಕ್ಕಮಾಡುವ ಯಂತ್ರವನ್ನು ಒದಗಿಸಿಕೊಟ್ಟಿದ್ದ ಹಿರಿಯರೇ ಅವರು. ನಕ್ಷತ್ರವು ಹೀಗೆ ಅಸಂಬದ್ಧವಾಗಿ ವರ್ತಿಸದಂತೆ ತಡೆಯುವ ನಿಸರ್ಗನಿಯಮವೊಂದು ಇರಲೇಬೇಕೆಂದು ಅವರು ವಾದಿಸಿದರು. ಸಭೆ ನಕ್ಕಿತು.

ಎಡಿಂಗ್ಟನ್ನರ ಹಟವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಹಟವು ದಡ್ಡರ ಸೊತ್ತೆಂದು ನಾವು ತಿಳಿದಿರುತ್ತೇವೆ. ಆದರೆ 1919ರ ಗ್ರಹಣದಲ್ಲಿ ಐನ್‌ಸ್ಟೈನರ ಸಿದ್ಧಾಂತವನ್ನು ಪರೀಕ್ಷಿಸಿ ಜಗತ್ಪ್ರಸಿದ್ಧರಾದ ಪಂಡಿತರು ಇವರು. ಚಂದ್ರಶೇಖರರ ಲೆಕ್ಕವನ್ನು ಒಪ್ಪಿದರೆ ಭಾರೀ ನಕ್ಷತ್ರವು ಕುಗ್ಗುತ್ತ ಕುಗ್ಗುತ್ತ, ಕಡೆಗೆ ಬೆಳಕೂ ಹೊರಬರಲಾರದಷ್ಟು ಪ್ರಬಲವಾದ ಗುರುತ್ವವನ್ನು ಪಡೆಯುವುದೆಂದು ಅವರು ಸರಿಯಾಗಿಯೇ ಕಂಡುಕೊಂಡರು. ಇಂದು ನಾವು ಕಪ್ಪುಕುಳಿಯೆಂದು ಕರೆಯುವ ವಸ್ತುವಿನ ಬಾಗಿಲಿಗೇ ಅವರು ಬಂದು ನಿಂತಿದ್ದರು. ಇದು ಅಸಂಭವ, ಆದುದರಿಂದ ಲೆಕ್ಕವೇ ತಪ್ಪೆಂದು ಹೇಳಿ ಬಾಗಿಲನ್ನು ಮುಚ್ಚಿದರು. 1944ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ತೆರೆಯಲಿಲ್ಲ. ಬುದ್ಧಿಯು ಹೆಚ್ಚಿದಷ್ಟೂ ಹಟಕ್ಕೆ ಒಳ್ಳೆಯ ವಕೀಲನೊಬ್ಬ ಸಿಕ್ಕಂತಾಗುತ್ತದೆಯೋ ಏನೋ!

ಇನ್ನು ಚಂದ್ರಶೇಖರರು. ವಯಸ್ಸು 24, ಪರದೇಶ, ಎದುರಾಳಿ ಜಗದ್ವಿಖ್ಯಾತ. ಪೌಲಿ, ಬೋರ್ ಮೊದಲಾದ ದೊಡ್ಡವರು ತಪ್ಪು ಎಡಿಂಗ್ಟನ್ನರದೆಂದು ಖಾಸಗಿಯಾಗಿ ಒಪ್ಪಿದರೂ ಬಹಿರಂಗವಾಗಿ ಬಾಯಿಬಿಡಲಿಲ್ಲ. ಜೀವಮಾನವೆಲ್ಲ ಕೊರಗಲು ಇದಕ್ಕಿಂತ ಹೆಚ್ಚಿನ ಕಾರಣ ಬೇಕೆ? ಅವರಿಗೆ ನೋವಾಗಲಿಲ್ಲವೆಂದಲ್ಲ, ಆಳವಾಗಿಯೇ ಆಯಿತು. 1937ರಲ್ಲಿ ಅವರು ಅಮೆರಿಕೆಯ ಯರ್ಕಿಸ್ ವೀಕ್ಷಣಾಲಯಕ್ಕೆ ಹೋದರು. ತಮ್ಮ ವಾದವನ್ನು 1939ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಪೂರ್ಣವಾಗಿ ಬರೆದಿಟ್ಟು, ಬೇರೆ ವಿಷಯಕ್ಕೆ ಕೈಹಾಕಿದರು. ಕೆಲವು ವರ್ಷ ಒಂದು ವಿಷಯದಲ್ಲಿ ದುಡಿಯುವುದು, ಅದನ್ನು ಗ್ರಂಥರೂಪಕ್ಕೆ ತರುವುದು, ಮತ್ತೊಂದಕ್ಕೆ ನಡೆಯುವುದು: ಇದೇ ಅವರ ಆಯುಷ್ಯದ ಪದ್ಧತಿಯಾಯಿತು. ಎಡಿಂಗ್ಟನ್ನರೊಡನೆ ಸ್ನೇಹವನ್ನೂ ಪತ್ರವ್ಯವಹಾರವನ್ನೂ ಬಿಡಲಿಲ್ಲ. ಅವರು ತೀರಿಕೊಂಡಾಗ, ತಮ್ಮ ಕಾಲದ ಖಗೋಳವಿಜ್ಞಾನಿಗಳಲ್ಲಿ ಕಾರ್ಲ್ ಶ್ವಾರ್ಟ್ಸ್‌ಚೈಲ್ಡರನ್ನು ಬಿಟ್ಟರೆ ಇವರೇ ದೊಡ್ಡವರೆಂದು ಹೇಳಿದರು. ನೊಬೆಲ್ ಪಾರಿತೋಷಕ ಬಂದದ್ದು 1983ರಲ್ಲಿ, ಆ ಸಭೆಯಾದ 48 ವರ್ಷಗಳ ಮೇಲೆ. ತಮ್ಮ ಲೆಕ್ಕವನ್ನು ಚಂದ್ರಶೇಖರರೂ ಬಿಟ್ಟುಕೊಡಲಿಲ್ಲವಷ್ಟೆ. ಅದನ್ನು ಛಲವೆನ್ನುತ್ತೇವೆ, ಹಟವೆನ್ನುವುದಿಲ್ಲ. ಕನ್ನಡವು ಈ ಎರಡಕ್ಕೂ ಬೇರೆ ಬೇರೆ ಮಾತುಗಳನ್ನು ಇಟ್ಟುಕೊಂಡಿರುವುದು ನಮ್ಮ ಪುಣ್ಯ.

ಚಂದ್ರಶೇಖರರು ಅಸಾಮಾನ್ಯರು, ನಮ್ಮಂಥವರಿಂದ ಇದಾಗುವುದೇ ಎಂದು ನೀವು ಕೇಳಬಹುದು. ಇದಕ್ಕೆ ಮನೋವಿಜ್ಞಾನಿಗಳ ಉತ್ತರ ಕುತೂಹಲಕರವಾಗಿದೆ. 1967ರಲ್ಲಿ ಸೆಲಿಗ್‌ಮನ್ ಮತ್ತು ಮೇಯರ್ ಎಂಬ ಅಮೆರಿಕದ ಸಂಶೋಧಕರು ನಾಯಿಗಳ ಮೇಲೆ ಮಾಡಿದ ಪ್ರಯೋಗವು ಓದುವವರಿಗೂ ಸಂಕಟವನ್ನುಂಟುಮಾಡುವಂಥದು. ಕೆಲವು ನಾಯಿಗಳಿಗೆ ವಿದ್ಯುದಾಘಾತವನ್ನು ತಾವೇ ನಿಲ್ಲಿಸಿಕೊಳ್ಳುವ ಉಪಾಯವಿತ್ತು. ಇನ್ನು ಕೆಲವಕ್ಕೆ ಅಷ್ಟೇ ಆಘಾತ, ಉಪಾಯ ಮಾತ್ರ ಇಲ್ಲ. ಆಮೇಲೆ ಇವನ್ನೆಲ್ಲ ತಗ್ಗಾದ ಅಡ್ಡವೊಂದನ್ನು ಹಾರಿದರೆ ತಪ್ಪಿಸಿಕೊಳ್ಳಬಹುದಾದ ಪೆಟ್ಟಿಗೆಯಲ್ಲಿ ಬಿಟ್ಟರು. ಮೊದಲ ಗುಂಪಿನವು ಹಾರಿದುವು. ಎರಡನೆಯ ಗುಂಪಿನಲ್ಲಿ ಹೆಚ್ಚಿನವು ಅಲ್ಲೇ ಮಲಗಿ ನೋವನ್ನುಂಡುವು. ಇದನ್ನು ಕಲಿತ ಅಸಹಾಯಕತೆಯೆಂದು ಕರೆದರು. ಆದರೆ 2016ರಲ್ಲಿ ಅದೇ ಇಬ್ಬರು, ನಡುವೆ ನಡೆದ ಮಿದುಳಿನ ಸಂಶೋಧನೆಗಳನ್ನು ಪರಿಶೀಲಿಸಿ, ತಮ್ಮ ಅರ್ಥವಿವರಣೆಯನ್ನೇ ತಿರುವಿಹಾಕಿದರು. ದೀರ್ಘಕಾಲದ ನೋವಿನೆದುರು ಸುಮ್ಮನೆ ಬಿದ್ದುಕೊಳ್ಳುವುದು ಪ್ರಾಣಿಯ ಹುಟ್ಟುಪ್ರತಿಕ್ರಿಯೆ. ಕಲಿಯಬೇಕಾದದ್ದು ಅಸಹಾಯಕತೆಯನ್ನಲ್ಲ, ತನ್ನ ಕೈಯಲ್ಲಿಯೂ ಏನೋ ಉಂಟೆಂಬುದನ್ನು. ಸುಮಾರು ಐವತ್ತು ವರ್ಷಗಳ ಸ್ವಂತ ಸಿದ್ಧಾಂತವನ್ನು ಹೀಗೆ ತಿದ್ದಿಕೊಂಡದ್ದೂ ಹಟ ಬಿಡುವುದರ ಒಂದು ಪಾಠವೇ ಅಲ್ಲವೆ?

ಮಲಗಿದ್ದ ನಾಯಿಗಳನ್ನು ಎಬ್ಬಿಸಿದ ಬಗೆಯನ್ನೂ ಹೇಳಬೇಕು. ಕುತ್ತಿಗೆಗೆ ಹಗ್ಗ ಕಟ್ಟಿ, ಅಡ್ಡದ ಆಚೆಗೆ ಮತ್ತೆ ಮತ್ತೆ ಎಳೆದೊಯ್ದರು. ಹಲವು ಸಲ ಹೀಗಾದ ಮೇಲೆ ಅವು ತಾವಾಗಿಯೇ ದಾಟತೊಡಗಿದುವು. ಕಾಲು ಮೊದಲು ದಾಟಿತು, ಮನಸ್ಸು ಹಿಂದಿನಿಂದ ಬಂದಿತು. ಅಭ್ಯಾಸದ ಮಹತ್ವವಿರುವುದು ಇಲ್ಲಿಯೇ. ಮನಸ್ಸು ತಿಳಿಯಾಗಲಿ, ಆಮೇಲೆ ಪುಸ್ತಕ ಹಿಡಿಯುತ್ತೇನೆಂದು ಕಾಯುವ ವಿದ್ಯಾರ್ಥಿಯು ಅಡ್ಡದ ಈಚೆಯೇ ಉಳಿಯುತ್ತಾನೆ. ಸಂಜೆ ಆರಕ್ಕೆ ಒಂದೇ ಒಂದು ಲೆಕ್ಕವನ್ನು, ಬೇಸರವಿದ್ದರೂ, ಮಾಡುವೆನೆಂದು ಗೊತ್ತುಮಾಡಿಕೊಳ್ಳುವುದೇ ಆ ಹಗ್ಗ. ಎಷ್ಟು ದಿನ? 2010ರಲ್ಲಿ ಪ್ರಕಟವಾದ ಲಂಡನ್ನಿನ ಅಧ್ಯಯನವೊಂದರಲ್ಲಿ ಹೊಸ ಅಭ್ಯಾಸವು ತಾನಾಗಿ ನಡೆಯುವಂತಾಗಲು ಹಿಡಿದ ಕಾಲದ ಮಧ್ಯಮಾಂಕ 66 ದಿನ. ಆದರೆ ವ್ಯಕ್ತಿಯಿಂದ ವ್ಯಕ್ತಿಗೆ ಅದು 18ರಿಂದ 254 ದಿನದವರೆಗೂ ಬದಲಾಗುತ್ತಿತ್ತು. ನಡುವೆ ಒಂದು ದಿನ ತಪ್ಪಿದ್ದರಿಂದ ಹೆಚ್ಚಿನ ಹಾನಿಯಾಗಲಿಲ್ಲವೆಂಬುದನ್ನು ಗಮನಿಸಿ. ಒಂದು ದಿನ ತಪ್ಪಿತೆಂದು ಎಲ್ಲವನ್ನೂ ಬಿಟ್ಟುಬಿಡುವುದು ಕೂಡ ಹಟದ ಒಂದು ವೇಷವೇ.

ನಿದ್ರೆಯ ವಿಷಯವನ್ನು ಎಲ್ಲರೂ ಬಲ್ಲರು, ಯಾರೂ ಪಾಲಿಸರು. 2007ರ ಒಂದು ಪ್ರಯೋಗದಲ್ಲಿ ಸುಮಾರು 35 ಗಂಟೆ ಎಚ್ಚರವಿದ್ದ ತರುಣರಿಗೆ ಅಹಿತಕರ ಚಿತ್ರಗಳನ್ನು ತೋರಿಸಿದಾಗ, ಭಯಕೋಪಗಳಿಗೆ ಸಂಬಂಧಿಸಿದ ಅಮಿಗ್ಡಲವೆಂಬ ಮಿದುಳಿನ ಭಾಗವು ನಿದ್ದೆಮಾಡಿದವರಿಗಿಂತ ಶೇಕಡ 60ರಷ್ಟು ಹೆಚ್ಚಾಗಿ ಕೆರಳಿತು. ರಾತ್ರಿ ಹನ್ನೆರಡರಲ್ಲಿ ಎಣಿಸಿದ ಅನ್ಯಾಯಗಳನ್ನು ಬೆಳಗ್ಗೆ ಇನ್ನೊಮ್ಮೆ ಎಣಿಸಿ ನೋಡಬೇಕು.

ಎಲ್ಲಕ್ಕಿಂತ ಹೆಚ್ಚಾಗಿ ನಾನು ನಂಬಿರುವುದು ಬರೆಯುವ ಅಭ್ಯಾಸವನ್ನು. ಡಾರ್ವಿನ್ನರು ತಮ್ಮ ಅಭಿಪ್ರಾಯಕ್ಕೆ ವಿರುದ್ಧವಾದ ಸಂಗತಿ ಕಂಡಕೂಡಲೇ ತಪ್ಪದೆ ಗುರುತುಹಾಕಿಕೊಳ್ಳುತ್ತಿದ್ದರು. ಅನುಕೂಲವಾದವುಗಳಿಗಿಂತ ಇಂಥವೇ ಬೇಗ ಮರೆತುಹೋಗುವುವೆಂದು ಅವರು ಅನುಭವದಿಂದ ಕಂಡಿದ್ದರು. ನನ್ನ ವಿದ್ಯಾರ್ಥಿಗಳು ಪ್ರಯೋಗವು ಕೆಟ್ಟ ದಿನ ಪುಸ್ತಕದ ಕೊನೆಯಲ್ಲಿ ಎರಡು ಅಂಕಣಗಳನ್ನು ಎಳೆಯಬೇಕು. ನನ್ನ ಕೈಯಲ್ಲಿದ್ದದ್ದು ಒಂದು ಕಡೆ, ಇಲ್ಲದ್ದು ಇನ್ನೊಂದು ಕಡೆ. ಎರಡನೆಯ ಅಂಕಣವೂ ಮುಖ್ಯವೇ. ಶುಲ್ಕಕ್ಕೆ ಹಣವಿಲ್ಲದಿರುವುದು, ಹಳ್ಳಿಯಿಂದ ಬರುವ ಬಸ್ಸು ತಪ್ಪುವುದು, ಜಾತಿಯ ಕಾರಣದಿಂದ ಕೇಳಬೇಕಾಗಿ ಬಂದ ಮಾತು: ಇವನ್ನೆಲ್ಲ ಮನಸ್ಸಿನ ದೌರ್ಬಲ್ಯವೆಂದು ತಳ್ಳಿಹಾಕುವುದು ಕ್ರೌರ್ಯ. ಸ್ಪಷ್ಟವಾಗಿ ಬರೆದ ಅನ್ಯಾಯವನ್ನು ಪ್ರಾಂಶುಪಾಲರ ಮುಂದೆ ಅರ್ಜಿಯಾಗಿ ಇಡಬಹುದು; ಬರಿಯ ಕೊರಗನ್ನು ಎಲ್ಲಿಯೂ ಇಡಲಾಗದು.

ಈ ವರ್ಷ ಒಬ್ಬ ಹುಡುಗನು ಮೂರು ವಾರ ಎರಡನೆಯ ಅಂಕಣವನ್ನು ಮಾತ್ರ ತುಂಬಿದ: ತಂತಿ ಬಾಗಿದೆ, ತೂಕ ಸರಿಯಿಲ್ಲ, ಬೆಳಕು ಸಾಲದು. ನಾನು ಏನೂ ಹೇಳದೆ ಸಹಿ ಹಾಕಿ, ಅವನು ಹೇಳಿದಂತೆ ತಂತಿಯನ್ನು ಬದಲಾಯಿಸಿಕೊಟ್ಟೆ. ಅದು ನಿಜವಾಗಿಯೂ ಬಾಗಿತ್ತು. ನಾಲ್ಕನೆಯ ವಾರ ಮೊದಲನೆಯ ಅಂಕಣದಲ್ಲಿ ಸಣ್ಣ ಅಕ್ಷರದ ಒಂದು ಸಾಲಿತ್ತು: “ಶೂನ್ಯದೋಷ ನೋಡಿರಲಿಲ್ಲ.”