ಊರುಗಳ ಲೆಕ್ಕ ಬಿಡಿ, ಗಂಟೆಗಳ ಲೆಕ್ಕ ಹಿಡಿಯಿರಿ

ಪ್ರಶ್ನೆ: ನನಗೆ 61 ವರ್ಷ. ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸಿ ನಿವೃತ್ತಳಾಗಿದ್ದೇನೆ. ನಮ್ಮವರಿಗೆ 66. ಮಗಳು, ಅಳಿಯ ಜರ್ಮನಿಯಲ್ಲಿದ್ದಾರೆ. ಮುಂದಿನ ಮೇ ತಿಂಗಳಲ್ಲಿ ನಾವು ಹೋದಾಗ ದಕ್ಷಿಣ ಇಟಲಿಯ ಬಸಿಲಿಕಾತಾ ಎಂಬ ಪ್ರಾಂತ್ಯವನ್ನು ಎಂಟು ದಿನ ಕಾರಿನಲ್ಲಿ ಸುತ್ತಿಸಬೇಕೆಂದು ಅವರ ಆಸೆ. ಅಳಿಯ ಕಳಿಸಿದ ಪಟ್ಟಿಯಲ್ಲಿ ಒಂಬತ್ತು ಊರುಗಳಿವೆ, ಹೆಚ್ಚುಕಡಿಮೆ ದಿನಕ್ಕೊಂದು ಹೋಟೆಲು. ಎಲ್ಲ ಬೆಟ್ಟದ ರಸ್ತೆಗಳಂತೆ. ಕಾರು ಓಡಿಸುವವಳು ಮಗಳೊಬ್ಬಳೇ. ನಮ್ಮವರಿಗೆ ಮಂಡಿನೋವು, ಆದರೂ ‘ಆಗುಂಬೆ ಘಾಟಿ ಓಡಿಸಿದವನು ನಾನು, ಅಲ್ಲೂ ಓಡಿಸ್ತೀನಿ’ ಎಂಬ ಹಟ. ನಾನು ಮೊಟ್ಟೆಯನ್ನೂ ಮುಟ್ಟುವವಳಲ್ಲ. ನಂಟರೆಲ್ಲ ‘ರೋಮ್ ಬಿಟ್ಟು ಆ ಕೊಂಪೆಗೆ ಯಾಕೆ ಹೋಗ್ತೀರಿ?’ ಎನ್ನುತ್ತಾರೆ. ಮಕ್ಕಳು ಇಷ್ಟು ಪ್ರೀತಿಯಿಂದ ಮಾಡುತ್ತಿರುವಾಗ ಏನಾದರೂ ಅನ್ನಲು ಬಾಯಿ ಬರುತ್ತಿಲ್ಲ. ನೆನೆಸಿಕೊಂಡರೆ ನಿದ್ದೆ ಹತ್ತುವುದಿಲ್ಲ. ಹೋಗುವುದೇ ಬೇಡವೆಂದು ಹೇಳಿಬಿಡಲೇ?
– ಹೆಸರು ಬೇಡ, ಶಿವಮೊಗ್ಗ

ಪ್ರಿಯ ಸಹೋದರಿ,

ಹೋಗಿ. ಆದರೆ ಆ ಪಟ್ಟಿಯನ್ನು ಹಿಡಿದುಕೊಂಡು ಹೋಗಬೇಡಿ. ನಿಮ್ಮ ಭಯ ಬಸಿಲಿಕಾತಾದ ಬಗ್ಗೆ ಅಲ್ಲ, ಒಂಬತ್ತು ಊರುಗಳ ಆ ಓಟದ ಬಗ್ಗೆ. ಅದು ನ್ಯಾಯವಾದ ಭಯ. ಅದನ್ನು ಮಗಳಿಗೆ ಹೇಳದೆ ಹೊಟ್ಟೆಯಲ್ಲಿಟ್ಟುಕೊಂಡರೆ, ಮೂರನೇ ದಿನ ಕಾರಿನ ಹಿಂದಿನ ಸೀಟಿನಲ್ಲಿ ಅದು ಮುನಿಸಾಗಿ ಹೊರಬರುತ್ತದೆ. ಆಗ ಮಕ್ಕಳಿಗೆ ‘ಎಷ್ಟು ಮಾಡಿದರೂ ಇಷ್ಟೇ’ ಅನ್ನಿಸುತ್ತದೆ. ಇನ್ನೂ ಏನೂ ಬುಕ್ ಆಗದಿದ್ದರೆ ಮಾತಾಡಲು ಇದೇ ಸರಿಯಾದ ಹೊತ್ತು.

ಮೊದಲು ಆ ನಾಡಿನ ಸ್ವಭಾವ ತಿಳಿದುಕೊಳ್ಳಿ. ಬಸಿಲಿಕಾತಾದಲ್ಲಿ ಪ್ರಯಾಣಿಕ ವಿಮಾನ ನಿಲ್ದಾಣವಿಲ್ಲ, ಪಕ್ಕದ ಪುಲಿಯಾ ಪ್ರಾಂತ್ಯದ ಬಾರಿಯಲ್ಲಿ ಇಳಿಯಬೇಕು. ಬಹುತೇಕ ಊರುಗಳು ಗುಡ್ಡದ ತುದಿಯಲ್ಲಿ, ಹೆದ್ದಾರಿಗಳು ನದಿಕಣಿವೆಯ ತಳದಲ್ಲಿ. ಎದುರಿಗೇ ಕಾಣುವ ಊರಿಗೂ ಕಣಿವೆಗಿಳಿದು ಮತ್ತೆ ತಿರುವು ತಿರುವಾಗಿ ಹತ್ತಬೇಕು. ನೆಲ ಜೇಡಿಮಣ್ಣಿನದು, ಮಳೆಗೆ ಕುಸಿಯುತ್ತದೆ, ಹಾಗಾಗಿ ಸಣ್ಣ ರಸ್ತೆಗಳು ಒಡೆದಿರುವುದೂ ಉಂಟು, ಮುಚ್ಚಿರುವುದೂ ಉಂಟು. ಇಂಥಲ್ಲಿ ಕಿಲೋಮೀಟರ್ ನೋಡಿ ದಿನ ಹಾಕಿದರೆ ಲೆಕ್ಕ ತಪ್ಪುತ್ತದೆ. ಗಂಟೆ ನೋಡಿ ಹಾಕಿ. ನಿಮ್ಮ ನಾಲ್ವರ ಪೈಕಿ ಎರಡು ಮಿತಿಗಳಿವೆ: ಮಗಳೊಬ್ಬಳೇ ಓಡಿಸಬೇಕು, ಯಜಮಾನರ ಮಂಡಿ ನೋಯುತ್ತದೆ. ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು ಚಾಲನೆ ಇಲ್ಲ, ಕತ್ತಲಾದ ಮೇಲೆ ರಸ್ತೆಯಲ್ಲಿ ಇರುವುದಿಲ್ಲ ಎಂದು ಮೊದಲೇ ನಿಶ್ಚಯಿಸಿಕೊಳ್ಳಿ. ಅಲ್ಲಿ ರಾತ್ರಿ ಕಾಡುಹಂದಿಗಳು ರಸ್ತೆಗೆ ಬರುತ್ತವೆ.

ನಾನಾದರೆ ಎಂಟು ರಾತ್ರಿಗಳನ್ನು ಹೀಗೆ ಹಂಚುತ್ತೇನೆ: ಮತೇರಾದಲ್ಲಿ ನಾಲ್ಕು, ಕಾಸ್ತೆಲ್ಮೆಜಾನೊ ಕಡೆ ಮೂರು, ವಾಪಸು ಹೊರಡುವ ಮುನ್ನ ಬಾರಿಯಲ್ಲಿ ಒಂದು. ಮರತೇಯಾದ ಸಮುದ್ರತೀರ ಬಲು ಚೆಂದ, ಆದರೆ ಮತೇರಾದಿಂದ ಎರಡೂವರೆ ಗಂಟೆಗೂ ಮೇಲೆ, ಪ್ರಾಂತ್ಯದ ಇನ್ನೊಂದು ತುದಿ. ಅದನ್ನೂ ಉತ್ತರದ ಮೆಲ್ಫಿ, ವೆನೊಸಾಗಳನ್ನೂ ಈ ಸಲ ಬಿಡಿ.

ಮತೇರಾ ಬಾರಿಯಿಂದ ಸುಮಾರು 65 ಕಿ.ಮೀ. ಇತಿಹಾಸದ ಟೀಚರ್‌ಗೆ ಈ ಊರಿಗಿಂತ ಒಳ್ಳೆಯ ಪಾಠ ಬೇರೊಂದಿಲ್ಲ. ಸಾಸ್ಸಿ ಎಂದು ಕರೆಯುವ ಇಲ್ಲಿನ ಗುಹೆಮನೆಗಳಲ್ಲಿ ಜನ 1950ರ ದಶಕದವರೆಗೂ ಬದುಕುತ್ತಿದ್ದರು. ನೋಡಲೆಂದು ಉಳಿಸಿರುವ ಒಂದು ಮನೆಗೆ ಹೋಗಿ: ಒಂದೇ ಕೋಣೆ, ಎತ್ತರದ ಮಂಚ, ಹಿಂಭಾಗದಲ್ಲಿ ಹೇಸರಗತ್ತೆಯ ಜಾಗ. ಮಕ್ಕಳು, ದನಕರು ಎಲ್ಲ ಒಂದೇ ಸೂರಿನಡಿ. ಮಲೇರಿಯಾ, ಶಿಶುಮರಣ ಇಡೀ ದೇಶಕ್ಕೆ ನಾಚಿಕೆ ತಂದಾಗ 1952ರಲ್ಲಿ ಕಾನೂನು ಮಾಡಿ ಸುಮಾರು 15,000 ಜನರನ್ನು ಹೊಸ ಬಡಾವಣೆಗಳಿಗೆ ಸಾಗಿಸಿದರು. ಅದೇ ಜಾಗ 1993ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿತು, 2019ರಲ್ಲಿ ಯುರೋಪಿನ ಸಾಂಸ್ಕೃತಿಕ ರಾಜಧಾನಿ ಎನಿಸಿತು. ದೊಡ್ಡ ಚೌಕದ ಅಡಿಯಲ್ಲಿ ಬಂಡೆ ಕೊರೆದು ಮಾಡಿದ ಭಾರಿ ನೀರಿನ ತೊಟ್ಟಿಯಿದೆ. ಮಳೆನೀರನ್ನು ಹನಿ ಬಿಡದೆ ಹಿಡಿದ ಆ ಜನರ ಜಾಣತನ ನೋಡಿದ ಮೇಲೆ ‘ಕೊಂಪೆ’ ಎಂಬ ಮಾತು ನಿಮ್ಮ ಬಾಯಲ್ಲಿ ಬರುವುದಿಲ್ಲ.

ಮಂಡಿಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಸಾಸ್ಸಿಯಲ್ಲಿ ಎಲ್ಲೆಲ್ಲೂ ಮೆಟ್ಟಿಲು, ಕಾಲು ಸವೆಸಿ ನುಣುಪಾದ ಕಲ್ಲು. ಗುಹೆ ಹೋಟೆಲಿನ ಫೋಟೋಗೆ ಮನಸೋಲದೆ, ಮೇಲಿನ ಸಮತಟ್ಟಾದ ಹೊಸ ಊರಿನಲ್ಲಿ ಲಿಫ್ಟ್ ಇರುವ ಮನೆ ಹಿಡಿಯಿರಿ. ಎಲ್ಲಿ ಬುಕ್ ಮಾಡಿದರೂ ‘ಕಾರಿನಿಂದ ಬಾಗಿಲಿಗೆ ಎಷ್ಟು ಮೆಟ್ಟಿಲು?’ ಎಂದು ಬರೆದು ಕೇಳಿ. ಕಣಿವೆಯ ಆಚೆ ದಡದ ಮುರ್ಜಾ ತಿಮೋನೆ ಎಂಬಲ್ಲಿಗೆ ಕಾರಿನಲ್ಲಿ ಹೋದರೆ ಇಡೀ ಸಾಸ್ಸಿ ಎದುರಿಗೆ ಕಾಣುತ್ತದೆ. ಯಜಮಾನರು ಅಲ್ಲಿ ನಿಂತು ನೋಡಲಿ, ಏನೂ ಕಳೆದುಕೊಳ್ಳುವುದಿಲ್ಲ.

ಮತೇರಾದಿಂದ ಒಂದು ದಿನ ಮೆತಪೊಂತೊಗೆ ಹೋಗಿ. ಕ್ರಿ.ಪೂ. 6ನೇ ಶತಮಾನದ ಗ್ರೀಕ್ ದೇಗುಲದ ಕಂಬಗಳಿವೆ, ಎಲ್ಲ ಸಮತಟ್ಟು ನೆಲ. ಇನ್ನೊಂದು ದಿನ ಕ್ರಾಕೊ ಮತ್ತು ಅಲಿಯಾನೊ. ಭೂಕುಸಿತದಿಂದಾಗಿ 1963ರಿಂದ ಜನ ಬಿಟ್ಟುಹೋದ ಊರು ಕ್ರಾಕೊ, ಒಳಗೆ ಹೋಗಲು ಗೈಡ್ ಜೊತೆಗಿರಬೇಕು, ತಲೆಗೆ ಹೆಲ್ಮೆಟ್ ಬೇಕು. ರಸ್ತೆಯಿಂದಲೇ ಅದರ ಪೂರ್ಣ ನೋಟ ಸಿಗುತ್ತದೆ. ಅಲಿಯಾನೊ, ಮುಸೊಲಿನಿಯ ಆಡಳಿತ 1935ರಲ್ಲಿ ಗಡೀಪಾರು ಮಾಡಿದ ಲೇಖಕ, ಚಿತ್ರಕಾರ, ವೈದ್ಯ ಕಾರ್ಲೊ ಲೇವಿಯನ್ನು ಇರಿಸಿದ್ದ ಊರು. ಈ ಜನರ ಬಡತನವನ್ನು ಆತ 1945ರಲ್ಲಿ ಪುಸ್ತಕವಾಗಿ ಬರೆದ ಮೇಲೆಯೇ ಇಟಲಿ ಇತ್ತ ಕಣ್ಣು ತೆರೆದದ್ದು. ಶಿಕ್ಷೆಯಾಗಿ ಬಂದ ಊರಲ್ಲೇ ತನ್ನನ್ನು ಮಣ್ಣುಮಾಡಬೇಕೆಂದು ಬಯಸಿದ, ಅವನ ಸಮಾಧಿ ಅಲ್ಲೇ ಇದೆ. ಆ ಪುಸ್ತಕವನ್ನು ಹೋಗುವ ಮುಂಚೆ ಇಂಗ್ಲಿಷಿನಲ್ಲಿ ಓದಿಕೊಳ್ಳಿ. ಆಗ ಮಕ್ಕಳಿಗೆ ಗೈಡ್ ನೀವೇ ಆಗುತ್ತೀರಿ, ಹಿಂದಿನ ಸೀಟಿನ ಸಾಮಾನಾಗಿ ಉಳಿಯುವುದಿಲ್ಲ.

ಕಾಸ್ತೆಲ್ಮೆಜಾನೊ ಮತೇರಾದಿಂದ ಸುಮಾರು ಒಂದೂವರೆ ಗಂಟೆ. ಚೂಪು ಬಂಡೆಗಳಿಗೆ ಆತುಕೊಂಡ ಹಳ್ಳಿ. ಎದುರಿನ ಪಿಯೆತ್ರಾಪೆರ್ತೋಸಾಕ್ಕೆ ಉಕ್ಕಿನ ಹಗ್ಗದ ಮೇಲೆ ಹಾರಿಹೋಗುವ ಸಾಹಸದಾಟವಿದೆ. ಮಕ್ಕಳು ಹಾರಲಿ, ನೀವು ಚೌಕದಲ್ಲಿ ಕೂತು ಕಾಫಿ ಕುಡಿಯಿರಿ. ಇಲ್ಲೊಂದು ದಿನ ಏನೂ ಗೊತ್ತುಮಾಡದೆ ಖಾಲಿ ಬಿಡಿ, ದಣಿದ ಮಗಳಿಗೆ ಅದು ಬೇಕಾಗುತ್ತದೆ.

ಊಟದ ಬಗ್ಗೆ ನೀವು ಅಂದುಕೊಂಡಷ್ಟು ಕಷ್ಟವಿಲ್ಲ. ಉತ್ತರ ಇಟಲಿಯ ತಾಜಾ ಪಾಸ್ತಾಕ್ಕೆ ಮೊಟ್ಟೆ ಹಾಕುವುದು ಹೆಚ್ಚು, ದಕ್ಷಿಣದ ಸಾಂಪ್ರದಾಯಿಕ ಪಾಸ್ತಾ ಬರೀ ಗೋಧಿರವೆ, ನೀರು. ಸೆನೀಸೆ ಊರಿನ ಕೆಂಪು ಮೆಣಸನ್ನು ದಾರಕ್ಕೆ ಪೋಣಿಸಿ ಗೋಡೆಗೆ ನೇತುಹಾಕಿ ಒಣಗಿಸುತ್ತಾರೆ, ಆಮೇಲೆ ಆಲಿವ್ ಎಣ್ಣೆಯಲ್ಲಿ ಕೆಲವೇ ಸೆಕೆಂಡು ಕರಿಯುತ್ತಾರೆ. ನಮ್ಮ ಮಜ್ಜಿಗೆ ಮೆಣಸಿನಕಾಯಿಯ ಹಾಗೆ ಕರುಂ ಎನ್ನುತ್ತದೆ, ಆದರೆ ಖಾರವಿಲ್ಲ, ಸಿಹಿ. ಎಚ್ಚರ ಬೇಕಾದದ್ದು ಎರಡು ಕಡೆ. ಸೊಪ್ಪಿನ ಪಾಸ್ತಾಕ್ಕೂ ಆ್ಯಂಚೊವಿ ಎಂಬ ಪುಟ್ಟ ಮೀನು ಹಾಕುವುದುಂಟು. ‘ಸೆಂಜಾ ಕಾರ್ನೆ, ಸೆಂಜಾ ಪೇಶೆ, ಸೆಂಜಾ ಅಚ್ಚೂಗೆ’ (ಮಾಂಸ, ಮೀನು, ಆ್ಯಂಚೊವಿ ಬೇಡ) ಎಂದು ಚೀಟಿಯಲ್ಲಿ ಬರೆದು ತೋರಿಸಿ. ಇನ್ನೊಂದು, ಅಲ್ಲಿನ ಸಾಂಪ್ರದಾಯಿಕ ಚೀಸ್‌ಗಳಿಗೆ ಕರುವಿನ ಅಥವಾ ಕುರಿಮರಿಯ ಹೊಟ್ಟೆಯಿಂದ ತೆಗೆದ ಹೆಪ್ಪು ಬಳಸುತ್ತಾರೆ. ತಿನ್ನುವುದು ಬಿಡುವುದು ನಿಮಗೆ ಸೇರಿದ್ದು. ಅಡುಗೆಮನೆ ಇರುವ ಮನೆ ಹಿಡಿದರೆ ಅನ್ನ, ಸಾರಿಗೆ ತೊಂದರೆಯಿಲ್ಲ. ಸಾರಿನ ಪುಡಿ ಒಯ್ಯಿರಿ, ತುಪ್ಪ, ಪೇಡ ಬೇಡ. ಹೊರಗಿನಿಂದ ಹಾಲಿನ ಪದಾರ್ಥ ತರುವುದನ್ನು ಐರೋಪ್ಯ ಒಕ್ಕೂಟ ನಿಷೇಧಿಸಿದೆ. ಮಧ್ಯಾಹ್ನದ ಊಟ ಎರಡು ಗಂಟೆಯೊಳಗೆ ಮುಗಿಸಿ, ಆಮೇಲೆ ಸಂಜೆವರೆಗೆ ಹಳ್ಳಿಗಳಲ್ಲಿ ಬಹುತೇಕ ಬಾಗಿಲು ಮುಚ್ಚಿರುತ್ತದೆ.

ಯಜಮಾನರ ಹಟಕ್ಕೆ ಬರೋಣ. ಭಾರತದ ಲೈಸೆನ್ಸ್ ಇರುವವರು ಇಟಲಿಯಲ್ಲಿ ಓಡಿಸಲು ಆರ್‌ಟಿಓ ಕೊಡುವ ಅಂತಾರಾಷ್ಟ್ರೀಯ ಚಾಲನಾ ಪರವಾನಗಿಯೂ ಬೇಕು. ಬಾಡಿಗೆ ಕರಾರಿನಲ್ಲಿ ಅವರ ಹೆಸರಿಲ್ಲದಿದ್ದರೆ ಅಪಘಾತವಾದಾಗ ವಿಮೆ ಕೈಕೊಡಬಹುದು. ಅಲ್ಲಿ ಸ್ಟಿಯರಿಂಗ್ ಎಡಕ್ಕೆ, ರಸ್ತೆಯ ಬಲಬದಿಯಲ್ಲಿ ಚಾಲನೆ. ಬಹುಕಾಲದ ಅಭ್ಯಾಸ ತುರ್ತಿನಲ್ಲಿ ಉಲ್ಟಾ ಕೆಲಸ ಮಾಡುತ್ತದೆ. ‘ನೀವು ಓಡಿಸಬೇಡಿ’ ಎಂದು ನೀವು ಹೇಳುವುದಕ್ಕಿಂತ ‘ಅಪ್ಪ, ಮುಂದೆ ಕೂತು ದಾರಿ ನೋಡಿ, ಬೋರ್ಡ್ ಓದಿ ಹೇಳಿ’ ಎಂದು ಮಗಳು ಹೇಳಲಿ. ಕಾಲು ಚಾಚಲು ಮುಂದಿನ ಸೀಟೇ ಒಳ್ಳೆಯದು, ಮರ್ಯಾದೆಯೂ ಉಳಿಯುತ್ತದೆ.

ಮಗಳಿಗೆ ತಿಳಿಸಬೇಕಾದ್ದು ಇಷ್ಟು: ಕಾರು ಚಿಕ್ಕದಿರಲಿ, ಗಲ್ಲಿಗಳು ಕಿರಿದು. ಗೇರ್ ಬದಲಿಸುವ ರಗಳೆ ಬೇಡವಾದರೆ ಆಟೊಮ್ಯಾಟಿಕ್ ಕಾರನ್ನು ಮೊದಲೇ ಕೇಳಬೇಕು. ಠೇವಣಿಗೆ ಓಡಿಸುವವರ ಹೆಸರಿನ ಕ್ರೆಡಿಟ್ ಕಾರ್ಡ್ ಬೇಕಾಗುತ್ತದೆ. ‘ಜೆಡ್‌ಟಿಎಲ್’ ಎಂಬ ಫಲಕ ಕಂಡಲ್ಲಿ ಹಳೇ ಊರಿನೊಳಕ್ಕೆ ಕಾರು ನುಗ್ಗಿಸಬಾರದು, ಕ್ಯಾಮೆರಾ ಹಿಡಿಯುತ್ತದೆ, ದಂಡದ ಕಾಗದ ತಿಂಗಳುಗಳ ಮೇಲೆ ಜರ್ಮನಿಗೆ ಬರುತ್ತದೆ. ತುರ್ತಿಗೆ 112. ನಿಮ್ಮಿಬ್ಬರ ವಾಸ ಹೆಚ್ಚಾಗಿ ಜರ್ಮನಿಯಲ್ಲೇ ಆದ್ದರಿಂದ ಅಲ್ಲಿನ ಷೆಂಗೆನ್ ವೀಸಾ ಸಾಕು, ಇಟಲಿಗೆ ಬೇರೆ ಬೇಡ. ಅರ್ಜಿಯಲ್ಲಿ ಈ ಪ್ರವಾಸವನ್ನೂ ಬರೆಯಿರಿ. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ಹಳೆಯ ಕಾಯಿಲೆಗೂ ಅದು ಅನ್ವಯಿಸುತ್ತದೆಯೇ ಎಂದು ಏಜೆಂಟರ ಬಾಯಿಮಾತು ನಂಬದೆ ಪಾಲಿಸಿಯಲ್ಲೇ ಓದಿ.

ಇನ್ನು ರೋಮ್. ಅದನ್ನು ನೋಡುವ ಆಸೆ ನಿಮ್ಮದೋ, ನಂಟರದೋ? ನಿಮ್ಮದೇ ಆದರೆ ಸಂಕೋಚಪಡದೆ ಹೇಳಿ. ಬಾರಿಯಿಂದ ವೇಗದ ರೈಲಿನಲ್ಲಿ ರೋಮ್ ಸುಮಾರು ನಾಲ್ಕು ಗಂಟೆ. ಕಾರು ಒಪ್ಪಿಸಿ ಅಲ್ಲಿಗೆ ಹೋಗಿ ಮೂರು ದಿನ ಇದ್ದು ಬನ್ನಿ. ನಂಟರಿಗೆ ಉತ್ತರ ಕೊಡಲಿಕ್ಕಷ್ಟೇ ಆದರೆ ಬಿಟ್ಟುಬಿಡಿ. ರೋಮ್ ನೋಡಿದವರು ನಿಮ್ಮ ಬೀದಿಯಲ್ಲೇ ಸಿಗುತ್ತಾರೆ. ಅಲಿಯಾನೊದ ಕಥೆಯನ್ನು ನಿಮ್ಮ ಹಳೇ ವಿದ್ಯಾರ್ಥಿಗಳಿಗೆ ಹೇಳಬಲ್ಲವರು ಮಾತ್ರ ನೀವೊಬ್ಬರೇ ಇರುತ್ತೀರಿ.

ಈ ವಾರವೇ ಮಗಳಿಗೆ ಫೋನ್ ಮಾಡಿ. ‘ಬರಲು ಖುಷಿಯಿದೆ, ಆದರೆ ಒಂಬತ್ತು ಊರು ನಮ್ಮ ಕೈಲಾಗದು, ಹೆಚ್ಚಾಗಿ ಎರಡೇ ಕಡೆ ಉಳಿಯೋಣ’ ಎಂದು ಮೊದಲ ಮಾತಿನಲ್ಲೇ ಹೇಳಿ. ಎಂಟು ದಿನ ಒಂಟಿಯಾಗಿ ಸ್ಟಿಯರಿಂಗ್ ಹಿಡಿಯಬೇಕಾದ ಅವಳಿಗೂ ಆ ಮಾತಿನಿಂದ ಭಾರ ಇಳಿಯುತ್ತದೆ.