ಜರ್ಕಿನ್ ಕಪ್ಪೋ, ಕೆಂಪೋ?

ಪ್ರಶ್ನೆ: ಮೇಡಂ, ನನಗೆ 58 ವರ್ಷ. ಮನೆ ಕೊಡಿಗೇಹಳ್ಳಿಯಲ್ಲಿ. ಕಳೆದ ತಿಂಗಳು ಬೆಳಗ್ಗೆ ಹಾಲು ತರಲು ಹೋಗಿದ್ದಾಗ ಬೈಕಿನಲ್ಲಿ ಬಂದ ಇಬ್ಬರು ಮಚ್ಚು ತೋರಿಸಿ ಪಕ್ಕದ ಮನೆಯಾಕೆಯ ಸರ ಕಿತ್ತುಕೊಂಡು ಹೋದರು. ಹಿಂದೆ ಕೂತವನ ಜರ್ಕಿನ್ ಕಪ್ಪು ಅಂತ ಅವತ್ತೇ ಪೊಲೀಸರಿಗೆ ಹೇಳಿದೆ. ಪಕ್ಕದ ಮನೆಯಾಕೆ ಕೆಂಪು ಅಂತಾರೆ. ಈಗ ಕಣ್ಣು ಮುಚ್ಚಿದರೆ ನನಗೂ ಕೆಂಪೇ ಕಾಣುತ್ತೆ! ಮಚ್ಚು ಚೆನ್ನಾಗಿ ನೆನಪಿದೆ, ಮುಖ ಮಸುಕು. ಬೀದಿಯವರ ವಾಟ್ಸ್‌ಆಪ್ ಗ್ರೂಪಿನಲ್ಲಿ ಯಾರೋ ‘ಇವನೇ ಕಳ್ಳ’ ಅಂತ ಒಬ್ಬ ಹುಡುಗನ ಫೋಟೊ ಹಾಕಿದ್ದಾರೆ. ಗುರುತು ಪತ್ತೆ ಪರೇಡಿಗೆ ಬೇರೆ ಕರೆದಿದ್ದಾರೆ. ನಾನು ಸುಳ್ಳು ಹೇಳಿದಂತಾಯಿತೇ? ಈಗಲೇ ಅರಳು ಮರಳೇ? ಹಿಪ್ನಾಟಿಸಂ ಮಾಡಿಸಿದರೆ ಎಲ್ಲ ನೆನಪಾಗುತ್ತೆ ಅಂತಾನೆ ಮಗ. ರಾತ್ರಿ ನಿದ್ದೆಯಿಲ್ಲ.

ಉತ್ತರ: ಸುಳ್ಳೂ ಅಲ್ಲ, ಅರಳು ಮರಳೂ ಅಲ್ಲ ತಾಯಿ. ಅಮೆರಿಕದ ಮನಶ್ಶಾಸ್ತ್ರಜ್ಞೆ ಎಲಿಜಬೆತ್ ಲಾಫ್ಟಸ್ ಮತ್ತು ಅವರ ಸಹೋದ್ಯೋಗಿ 1974ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವಿದೆ. ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಚಿತ್ರ ತೋರಿಸಿ, ಕೆಲವರಿಗೆ ‘ಕಾರುಗಳು ಗುದ್ದಿದಾಗ ವೇಗ ಎಷ್ಟಿತ್ತು’ ಅಂತ, ಕೆಲವರಿಗೆ ‘ಅಪ್ಪಳಿಸಿದಾಗ ಎಷ್ಟಿತ್ತು’ ಅಂತ ಕೇಳಿದರು. ವಾರ ಬಿಟ್ಟು ‘ಒಡೆದ ಗಾಜು ನೋಡಿದಿರಾ’ ಎಂದಾಗ ‘ಗುದ್ದಿದ’ ಗುಂಪಿನ 50 ಜನರಲ್ಲಿ 7 ಮಂದಿ ಹೌದೆಂದರು. ‘ಅಪ್ಪಳಿಸಿದ’ ಗುಂಪಿನ 50ರಲ್ಲಿ 16 ಮಂದಿ. ಚಿತ್ರದಲ್ಲಿ ಗಾಜು ಒಡೆದೇ ಇರಲಿಲ್ಲ! ಪಾಠ ಓದಿ ಪರೀಕ್ಷೆ ಬರೆಯುವ ವಯಸ್ಸಿನವರ ಗತಿಯೇ ಇದು.

ನಿಮ್ಮ ಪ್ರಸಂಗಕ್ಕೆ ಇನ್ನೂ ಹತ್ತಿರದ್ದು ಫಿಯೋನಾ ಗ್ಯಾಬರ್ಟ್ ಮತ್ತು ಸಂಗಡಿಗರು ಬ್ರಿಟನ್ನಿನಲ್ಲಿ ನಡೆಸಿದ 2003ರ ಅಧ್ಯಯನ. ಜೊತೆಗಾರರಿಬ್ಬರಿಗೆ ಒಂದೇ ಘಟನೆಯನ್ನು ಬೇರೆ ಬೇರೆ ಕೋನದಿಂದ ತೋರಿಸಿ, ಆಮೇಲೆ ಮಾತಾಡಿಕೊಳ್ಳಲು ಬಿಟ್ಟರು. ಹಾಗೆ ಮಾತಾಡಿಕೊಂಡವರಲ್ಲಿ ಶೇ 71ರಷ್ಟು ಮಂದಿ, ಜೊತೆಯವರ ಬಾಯಿಂದ ಕೇಳಿದ್ದನ್ನು ಕನಿಷ್ಠ ಒಂದಾದರೂ ತಾವೇ ಕಂಡದ್ದೆಂದು ವರದಿ ಮಾಡಿದರು. ನಿಮ್ಮ ಕೆಂಪು ಜರ್ಕಿನ್ ಕೂಡ ಪಕ್ಕದ ಮನೆಯಿಂದ ಬಂದಿರಬಹುದು. ಹಾಗಂತ ಕಪ್ಪೇ ಸರಿ ಅಂತ ನಾನು ಇಲ್ಲಿ ಕೂತು ತೀರ್ಪು ಕೊಡಲಾರೆ. ಮಚ್ಚು ನೆನಪಿದ್ದು ಮುಖ ಮಸುಕಾಗಿರುವುದೂ ಹೊಸದೇನಲ್ಲ. ಜೀವಭಯದಲ್ಲಿ ಕಣ್ಣು ಆಯುಧಕ್ಕೇ ಅಂಟಿಕೊಳ್ಳುತ್ತದೆ.

ನ್ಯಾಯಾಲಯಗಳಿಗೆ ಇದು ಗೊತ್ತಿಲ್ಲ ಅಂದುಕೊಳ್ಳಬೇಡಿ. ಗುಜರಾತಿನ ಭೋಗಿನ್‌ಭಾಯಿ ಪ್ರಕರಣದಲ್ಲಿ 1983ರಲ್ಲೇ ಸುಪ್ರೀಂ ಕೋರ್ಟು, ಸಾಕ್ಷಿಯ ನೆನಪು ವಿಡಿಯೊ ಟೇಪ್ ಓಡಿಸಿದ ಹಾಗಿರುವುದಿಲ್ಲ, ಸಣ್ಣಪುಟ್ಟ ವ್ಯತ್ಯಾಸಕ್ಕೆ ಇಡೀ ಸಾಕ್ಷ್ಯವನ್ನು ತಳ್ಳಿಹಾಕಬಾರದು ಎಂಬರ್ಥದ ಮಾತು ಹೇಳಿದೆ.

ಮಗನಿಗೆ ಹೇಳಿ, ಹಿಪ್ನಾಟಿಸಂ ಬೇಡವೇ ಬೇಡ. ಅದು ಖಾತ್ರಿ ಅನ್ನುವ ಭಾವನೆಯನ್ನು ಹೆಚ್ಚಿಸುತ್ತದೆ, ನಿಖರತೆಯನ್ನಲ್ಲ. ತಪ್ಪನ್ನೇ ಗಟ್ಟಿ ದನಿಯಲ್ಲಿ ಹೇಳುವಂತಾಗುತ್ತದೆ. ಹಿಪ್ನಾಟಿಸಂನಂತೆಯೇ ಮದ್ದು ಕೊಟ್ಟು ಸತ್ಯ ಹೊರತೆಗೆಯಬಹುದೆಂಬ ನಂಬಿಕೆ ನಮ್ಮೂರಲ್ಲೂ ಜೋರಾಗಿತ್ತು. ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯ ಮಂಪರು ಪರೀಕ್ಷೆಗೆ ದೇಶಕ್ಕೇ ಹೆಸರಾಗಿತ್ತು. 2010ರ ಮೇ 5ರಂದು, ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಪ್ರಕರಣದಲ್ಲಿ, ಒಪ್ಪಿಗೆಯಿಲ್ಲದೆ ಅಂಥ ಪರೀಕ್ಷೆ ಮಾಡುವಂತಿಲ್ಲ ಎಂದಿತು ಸುಪ್ರೀಂ ಕೋರ್ಟು.

ಹಿಪ್ನಾಟಿಸಂ ಬದಲು ಒಂದು ಕೆಲಸ ಮಾಡಿ. ಫಿಶರ್ ಮತ್ತು ಗೈಸಲ್‌ಮನ್ ಎಂಬಿಬ್ಬರು 1980ರ ದಶಕದಲ್ಲಿ ರೂಪಿಸಿದ ಸಾಕ್ಷಿ ವಿಚಾರಣೆಯ ಕ್ರಮದಿಂದ ಎರವಲು ಪಡೆದದ್ದಿದು. ಒಬ್ಬರೇ ಕೂತು ಕಣ್ಣು ಮುಚ್ಚಿ. ಅವತ್ತು ಎಲ್ಲಿ ನಿಂತಿದ್ದಿರಿ, ಕೈಯಲ್ಲಿ ಏನಿತ್ತು, ಚಳಿಯಿತ್ತೇ, ಯಾವ ಸದ್ದು ಕೇಳಿಸುತ್ತಿತ್ತು, ಎಲ್ಲ ಮನಸ್ಸಿಗೆ ತಂದುಕೊಳ್ಳಿ. ಆಮೇಲೆ ಒಂದು ಹಾಳೆಯಲ್ಲಿ ಕಣ್ಣಾರೆ ಕಂಡದ್ದನ್ನಷ್ಟೇ ಬರೆಯಿರಿ. ಚೂರುಪಾರು ಆದರೂ ಸರಿ, ಊಹೆ ಬೇಡ. ಇನ್ನೊಂದು ಹಾಳೆಯಲ್ಲಿ ಆಮೇಲೆ ಕೇಳಿದ್ದು, ಫೋನಿನಲ್ಲಿ ನೋಡಿದ್ದು, ಯಾರು ಹೇಳಿದ್ದು. ಎರಡಕ್ಕೂ ತಾರೀಖು ಹಾಕಿ. ತಿಂಗಳಾದ ಮೇಲೆ ಇದರಿಂದ ಎಲ್ಲವೂ ಮರಳಿ ಬರುವುದಿಲ್ಲ, ನಿಜ. ಆದರೆ ಯಾವುದು ಎಲ್ಲಿಂದ ಬಂತೆಂಬುದು ನಿಮಗೇ ತಿಳಿಯಾಗುತ್ತದೆ.

ನಿಮ್ಮ ಪತ್ರದಲ್ಲಿ ನನಗೆ ಗಾಬರಿ ಹುಟ್ಟಿಸಿದ್ದು ಜರ್ಕಿನ್ ಅಲ್ಲ, ಆ ಫೋಟೊ. ಪರೇಡಿನ ಸಾಲಿನಲ್ಲಿ ಆ ಹುಡುಗ ನಿಂತಿದ್ದರೆ ‘ಎಲ್ಲೋ ನೋಡಿದ್ದೇನೆ’ ಅನ್ನಿಸಬಹುದು. ನೋಡಿದ್ದು ಬೀದಿಯಲ್ಲೋ ಫೋನಿನಲ್ಲೋ ಆಗ ಹೇಳುವುದು ಕಷ್ಟ. ಆದ್ದರಿಂದ ಫೋಟೊ ನೋಡಿರುವುದನ್ನು ತನಿಖಾಧಿಕಾರಿಗೆ ಈಗಲೇ, ಪರೇಡ್ ನಡೆಸುವ ಮ್ಯಾಜಿಸ್ಟ್ರೇಟರಿಗೆ ಸಾಲು ನೋಡುವ ಮುಂಚೆಯೇ ಹೇಳಿಬಿಡಿ. ಮೊದಲೇ ಫೋಟೊ ನೋಡಿದವರ ಗುರುತಿಗೆ ಕೋರ್ಟಿನಲ್ಲಿ ಬೆಲೆ ಕಡಿಮೆ. ಮುಚ್ಚಿಟ್ಟರೆ ನಿರಪರಾಧಿಯೊಬ್ಬ ಸಿಕ್ಕಿಬೀಳಬಹುದು. ಸಾಲಿನಲ್ಲಿ ಯಾರೂ ಅಲ್ಲ ಅನ್ನಿಸಿದರೆ ಹಾಗೇ ಹೇಳಿ. ‘ಗೊತ್ತಿಲ್ಲ’ ಅನ್ನುವುದೂ ಸಾಕ್ಷ್ಯವೇ.

ಮತ್ತೆ ಹೇಳಿಕೆ ಪಡೆಯಬೇಕೆಂದರೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಕಲಮಿನಂತೆ ಹೆಂಗಸರನ್ನು ಠಾಣೆಗೆ ಬನ್ನಿ ಎಂದು ಒತ್ತಾಯಿಸುವಂತಿಲ್ಲ, ಪೊಲೀಸರೇ ಮನೆಗೆ ಬರಬೇಕು. ‘ಕೆಂಪು ತಾನೇ?’ ಎಂದು ಕೇಳಿದರೆ, ‘ಮೊದಲು ಕಪ್ಪು ಅಂದಿದ್ದೆ, ಈಗ ಖಾತ್ರಿಯಿಲ್ಲ’ ಅನ್ನಿ. ನಿದ್ದೆಗೆಟ್ಟು ಸಂಕಟವಾಗುತ್ತಿದ್ದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ನಿಮ್ಮ ಬೀದಿಯ ಗ್ರೂಪಿನವರಿಗೂ ಒಂದು ಮಾತು: ‘ಇವನೇ ಕಳ್ಳ’ ಅಂತ ಯಾರ ಫೋಟೊವನ್ನೂ ಹಾಕಬೇಡಿ. ಸಿಸಿಟಿವಿ ದೃಶ್ಯವಿದ್ದರೆ ನೇರವಾಗಿ ಠಾಣೆಗೆ ಕೊಡಿ.